ಬಾಗಿನಕ್ಕೆ ಬಿಟ್ಟ ಮೀನು

ವರ್ಗವಾಗಿ ಹೋಗುವ ಟೀಚರುಗಳು ಬಿಟ್ಟು ಹೋಗುವ ಸಾಮಾನಿಗೂ ಒಂದು ಕ್ರಮವಿದೆ. ಮೊದಲು ತುಳಸಿ ಕುಂಡ, ಆಮೇಲೆ ಕಾಲು ಅಲ್ಲಾಡುವ ಕುರ್ಚಿ, ಕೊನೆಗೆ ಯಾರಿಗೂ ಬೇಡವಾದದ್ದು. ಮಾಲೂರಿಗೆ ವರ್ಗವಾದ ಶೋಭಾರಾಣಿ ಮೇಡಂ ನನ್ನ ಪಾಲಿಗೆ ಬಿಟ್ಟು ಹೋಗಿದ್ದು ಮೂರಡಿ ಉದ್ದದ ಗಾಜಿನ ತೊಟ್ಟಿ ಮತ್ತು ಒಂದು ಬಕೆಟ್ಟಿನಲ್ಲಿ ನಾಲ್ಕು ಗೋಲ್ಡ್ ಫಿಶ್. "ನೀವು ಸೈನ್ಸ್ ಟೀಚರ್ ವಾಣಿಶ್ರೀ, ನಿಮ್ಮನೇಲಿದ್ರೇ ಚೆಂದ" ಎಂದು ಆಟೋದಲ್ಲಿಟ್ಟು ಕಳಿಸಿಯೇಬಿಟ್ಟರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಹೇಳಬೇಕಾದ ಹೊತ್ತಿಗೆ ಸರಿಯಾಗಿ ನನಗೆ ಬಾಯಿ ಬರುವುದಿಲ್ಲ. ತರಗತಿಯಲ್ಲಿ ಮಾತ್ರ ನಲವತ್ತು ನಿಮಿಷ ನಿಲ್ಲಿಸದೆ ಮಾತಾಡುತ್ತೇನೆ.

ಮುಳಬಾಗಿಲಿನ ನಮ್ಮ ಬಾಡಿಗೆ ಮನೆಯಲ್ಲಿ ಮೂರೇ ಜನ. ನಾನು, ಬಸ್ ಡಿಪೋದಲ್ಲಿ ಕೆಲಸ ಮಾಡುವ ಗಂಡ ಕದಿರೇಶ್, ಅತ್ತೆ ಮುನಿಶಾಮಮ್ಮ. ನಮ್ಮೂರು ತಾಯಲೂರಿನ ಪಕ್ಕದಲ್ಲಿದೆ. ಅಲ್ಲಿ ಕೆರೆಯ ಕೆಳಗೆ ಒಂದಿಷ್ಟು ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ ತೋಟ ಇನ್ನೂ ಅತ್ತೆಯ ಕೈಯಲ್ಲೇ ಇವೆ. ವಾರಕ್ಕೆರಡು ಸಲ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುತ್ತಾರೆ.

ಹದಿನೈದು ದಿನಕ್ಕೆ ತೊಟ್ಟಿಯ ಗಾಜು ಹಸಿರಾಯಿತು. ಕೋಲಾರದಲ್ಲಿ ಮೀನು ಮಾರುವ ಅಂಗಡಿಗೆ ಹೋಗಿ ಕೇಳಿದರೆ, ಅಂಗಡಿಯವನು ಜಾಲರಿ ಅದ್ದಿ ಎರಡು ಬೆರಳುದ್ದದ ಕಪ್ಪು ಮೀನೊಂದನ್ನು ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟ.

"ಸಕ್ಕರ್ ಮೇಡಂ. ಟ್ಯಾಂಕ್ ಕ್ಲೀನರ್. ಇದಕ್ಕೆ ಏನೂ ಹಾಕಂಗೇ ಇಲ್ಲ. ಗಲೀಜು ತಿಂದ್ಕೊಂಡು ಅದರ ಪಾಡಿಗೆ ಅದಿರುತ್ತೆ."

ಒಂಬತ್ತನೇ ತರಗತಿಗೆ ಆಹಾರ ಸರಪಳಿಯ ಪಾಠ ಮಾಡುವವಳು ನಾನು. ಆದರೂ ಏನೂ ಹಾಕದೆ ಬದುಕುವ ಪ್ರಾಣಿಯೊಂದಿದೆ ಎಂದು ನಂಬಿ ಮನೆಗೆ ತಂದೆ. ದುಡ್ಡು ಕೊಟ್ಟು ತಂದ ಮೇಲೆ ನಂಬದಿದ್ದರೆ ಹೇಗೆ?

ಮೀನು ಗಾಜಿಗೆ ಬಾಯಿ ಅಂಟಿಸಿಕೊಂಡು ನಿಂತಿತು. ಮಿಕ್ಕ ಮೀನುಗಳ ಮುಖ ಕಾಣುತ್ತದೆ, ಇದರದು ಹೊಟ್ಟೆಯ ಕಡೆಯೇ ಕಾಣುವುದು. ಮೈಮೇಲೆ ಹುರುಪೆಯಿಲ್ಲ, ಗಟ್ಟಿ ಚಿಪ್ಪಿನ ಸಾಲು. ಅತ್ತೆ ಬಗ್ಗಿ ನೋಡಿ, "ಥೂ, ಇದೇನಮ್ಮ ಹಲ್ಲಿ ಅಂಟ್ಕೊಂಡಂಗೆ ಅಂಟ್ಕೊಂಡೈತೆ" ಅಂದು ಎದ್ದು ಹೋದರು.

ಒಂದು ತಿಂಗಳಲ್ಲಿ ಗಾಜು ಫಳಫಳ ಹೊಳೆಯಿತು. ನನಗೆ ಸಮಾಧಾನವಾಯಿತು. ಅತ್ತೆಗೆ ಆಗಲಿಲ್ಲ.

"ಇದರ ಹೊಟ್ಟೆ ಒಳಕ್ಕೋಗೈತೆ ನೋಡು. ಏನು ಹಾಕ್ತಿದ್ದೀಯ ಇದಕ್ಕೆ?"

"ಏನೂ ಹಾಕಂಗಿಲ್ಲ ಅತ್ತೆ. ಅದು ಪಾಚಿ ತಿನ್ನುತ್ತೆ."

"ಪಾಚಿ ಎಲ್ಲೈತೆ ಈಗ? ಗ್ಲಾಸು ನೆಕ್ಕಿ ನೆಕ್ಕಿ ಖಾಲಿ ಮಾಡೈತೆ. ಇನ್ನು ಗ್ಲಾಸನ್ನೇ ತಿನ್ಬೇಕಾ?"

ನಲವತ್ತು ವರ್ಷ ರೇಷ್ಮೆ ಹುಳ ಸಾಕಿದ ಹೆಂಗಸು. ತಟ್ಟೆಯ ಮೇಲೆ ಕಣ್ಣಾಡಿಸಿದರೆ ಸಾಕು, ಯಾವ ಹುಳಕ್ಕೆ ಸೊಪ್ಪು ಸಾಲದಾಗಿದೆ ಎಂದು ಹೇಳುತ್ತಾರೆ. ಅವರು ಒಂದು ಹೀರೆಕಾಯಿ ಹೋಳನ್ನು ಸ್ಟೀಲ್ ಚಮಚಕ್ಕೆ ದಾರದಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟರು. ಬೆಳಗ್ಗೆ ನೋಡಿದರೆ ಚಮಚ ಮತ್ತು ಸಿಪ್ಪೆ ಮಾತ್ರ ಉಳಿದಿದ್ದವು. ಅಲ್ಲಿಂದ ಶುರುವಾಯಿತು. ಒಂದು ದಿನ ಸೌತೆಕಾಯಿ, ಒಂದು ದಿನ ಕುಂಬಳಕಾಯಿ. ಅದು ಮರದ ತುಂಡನ್ನೂ ಕೆರೆದು ತಿನ್ನುತ್ತದೆ ಎಂದು ನಾನು ಮೊಬೈಲಿನಲ್ಲಿ ಓದಿ ಹೇಳಿದ್ದೇ ತಡ, ಊರಿನ ತೋಟದಿಂದ ಹಿಪ್ಪುನೇರಳೆಯ ದಪ್ಪ ಕಡ್ಡಿ ತಂದು, ತೊಗಟೆ ಸುಲಿದು, ಎಂಟು ದಿನ ನೀರಲ್ಲಿ ನೆನೆಸಿ ತೊಟ್ಟಿಗೆ ಹಾಕಿದರು. ಹುಳದ ಮನೆಗಿದ್ದ ಕಾನೂನೆಲ್ಲ ನಮ್ಮ ಹಾಲಿಗೂ ಬಂತು. ಸೊಳ್ಳೆ ಬತ್ತಿ ಹಚ್ಚುವ ಹಾಗಿಲ್ಲ, ಊದುಬತ್ತಿ ದೇವರ ಗೂಡಿನ ಹೊರಗೆ ಬರುವ ಹಾಗಿಲ್ಲ, ಬೀಡಿ ಹಿಡಿದ ಕೈಯಲ್ಲಿ ಯಾರೂ ತೊಟ್ಟಿ ಮುಟ್ಟುವ ಹಾಗಿಲ್ಲ.

ಹೆಸರೂ ಬಿತ್ತು, ನಲ್ಲೋಡು ಎಂದು. ಕರಿಯ ಎಂದು ಅರ್ಥ. ನಮ್ಮ ಸೀಮೆಯಲ್ಲಿ ವ್ಯವಹಾರವೆಲ್ಲ ಕನ್ನಡದಲ್ಲಿ, ಮುದ್ದು ಮತ್ತು ಬೈಗುಳ ಮಾತ್ರ ತೆಲುಗಿನಲ್ಲಿ.

ನಲ್ಲೋಡು ಬೆಳೆಯಿತು. ಎರಡು ಬೆರಳಿನಷ್ಟಿದ್ದದ್ದು ವರ್ಷಕ್ಕೆ ಒಂದು ಗೇಣು, ಮೂರು ವರ್ಷಕ್ಕೆ ಒಂದೂಕಾಲು ಅಡಿ. ಅಂಗಡಿಯವನು ಇದನ್ನು ಹೇಳಿರಲಿಲ್ಲ. ತಿಂದಿದ್ದೆಲ್ಲ ಉದ್ದುದ್ದ ದಾರವಾಗಿ ಹೊರಗೆ ಬರುತ್ತಿತ್ತು. ಕ್ಲೀನರ್ ಎಂದು ತಂದ ಮೀನಿಗೆ ವಾರಕ್ಕೆರಡು ಸಲ ನಾನೇ ಕ್ಲೀನರ್ ಆದೆ. ಭಾನುವಾರ ಪ್ರಪಂಚವೆಲ್ಲ ನಿದ್ದೆ ಮಾಡುತ್ತಿದ್ದರೆ ನಾನು ಪೈಪು ಹಿಡಿದು ಕೊಳೆ ನೀರು ಎಳೆಯುತ್ತಿದ್ದೆ. ಗೋಲ್ಡ್ ಫಿಶ್ ಒಂದೊಂದಾಗಿ ಸತ್ತವು. ಇದು ರಾತ್ರಿ ಅವುಗಳ ಮೈಯ ಲೋಳೆಯನ್ನು ಹೀರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಒಂದು ಮಧ್ಯಾಹ್ನ ಮುಚ್ಚಳವನ್ನು ತಳ್ಳಿಕೊಂಡು ಹಾರಿ ನೆಲಕ್ಕೆ ಬಿತ್ತು. ಅತ್ತೆ ಓಡಿ ಬಂದು ಸೆರಗಿನಲ್ಲಿ ಹಿಡಿದು ಎತ್ತಿದರು. ಅದರ ಬೆನ್ನಿನ ರೆಕ್ಕೆ ಮುರಿದು, ವಾಸಿಯಾಗುವಾಗ ಎಡಕ್ಕೆ ವಾಲಿಕೊಂಡಿತು. ಅದರ ಮುಳ್ಳು ಅತ್ತೆಯ ಬಲ ಅಂಗೈಯನ್ನು ಸೀಳಿ ಮೂರು ಹೊಲಿಗೆ ಹಾಕಿಸಿತು. ಅತ್ತೆ ಆ ಗುರುತನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು, ಮೊಮ್ಮಗ ಕಚ್ಚಿದ್ದೇನೋ ಅನ್ನುವ ಹಾಗೆ.

ವಾಪಸು ಕೊಡಲು ಹೋದೆ. ಅಂಗಡಿಯವನು ಬಕೆಟ್ಟನ್ನು ಮುಟ್ಟಲೂ ಇಲ್ಲ. "ಎಲ್ಲರೂ ತರ್ತಾರೆ ಮೇಡಂ. ನಾನೆಲ್ಲಿ ಇಟ್ಕೊಳ್ಳಲಿ?" ಕದಿರೇಶ್ ಸಾರು ಮಾಡೋಣ ಅಂದಾಗ ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ನನ್ ಕೈಲಿ ತಿಂದಿದ್ದನ್ನ ಕೊಯ್ದ್ರೆ ಈ ಮನೇಲಿ ನಾನು ನೀರು ಕುಡಿಯಲ್ಲ."

ಅದು ಅವರ ಮನೆತನದ ಪದ್ಧತಿ. ಕೈಯಿಂದ ತಿಂದ ಪ್ರಾಣಿಯನ್ನು ಕೊಯ್ಯುವುದಿಲ್ಲ, ಮಾರುವುದಿಲ್ಲ. ಕೊಯ್ಯಬೇಕೆಂದಿರುವ ಕೋಳಿಗೆ ಕಾಳನ್ನು ನೆಲಕ್ಕೆ ಚೆಲ್ಲುತ್ತಾರೆಯೇ ಹೊರತು ಅಂಗೈಯಲ್ಲಿ ಹಿಡಿಯುವುದಿಲ್ಲ. ನಲ್ಲೋಡಿಗೆ ಮೂರು ವರ್ಷ ಅಂಗೈಯಲ್ಲೇ ಆಗಿತ್ತು.

ಆ ವರ್ಷ ಮಳೆ ಹಿಡಿದು ನಮ್ಮೂರ ಕೆರೆ ಕೋಡಿ ಹರಿಯಿತು. ಎಷ್ಟೋ ವರ್ಷದ ಮೇಲೆ ಆದದ್ದು. ಹೆಂಗಸರೆಲ್ಲ ತಂಬಿಟ್ಟಿನ ದೀಪ ಹೊತ್ತು, ಮೊರದಲ್ಲಿ ಬಾಗಿನ ಹಿಡಿದು ಗಂಗಮ್ಮನಿಗೆ ಕೊಡಲು ಏರಿಯ ಮೇಲೆ ಸೇರಿದರು. ಹಿಂದಿನ ದಿನವೇ ಅತ್ತೆ ತೀರ್ಮಾನ ಮಾಡಿದ್ದರು. ಕೆರೆ ತುಂಬಿದ ವರ್ಷ ಬಾಗಿನದ ಜೊತೆಗೆ ಮನೆಯ ಜೀವವೊಂದನ್ನು ಗಂಗಮ್ಮನಿಗೆ ಒಪ್ಪಿಸುತ್ತಿದ್ದರಂತೆ ಅವರ ಅಜ್ಜಿ. ಕೊಯ್ಯದೆ, ಮಾರದೆ, ಬಿಸಾಡದೆ ನಲ್ಲೋಡಿನಿಂದ ಬಿಡುಗಡೆಗೆ ಇದಕ್ಕಿಂತ ಮರ್ಯಾದೆಯ ದಾರಿ ಬೇರೆ ಇರಲಿಲ್ಲ.

ನನಗೆ ಗೊತ್ತಿತ್ತು. ಹೊರದೇಶದ ಮೀನನ್ನು ಕೆರೆಗೆ ಬಿಟ್ಟರೆ ಏನಾಗುತ್ತದೆ ಎಂದು ಒಂದು ತರಬೇತಿಯಲ್ಲಿ ಚಿತ್ರ ಸಮೇತ ತೋರಿಸಿದ್ದರು. ನಾನು ಬರೆದುಕೊಂಡೂ ಇದ್ದೆ. "ಅತ್ತೆ, ಇದು ಹೊರಗಿನ ಮೀನು..." ಎಂದು ಶುರು ಮಾಡಿದೆ. ಬಕೆಟ್ಟಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಮುಂದಿನ ಭಾನುವಾರದಿಂದ ಪೈಪು ಹಿಡಿಯಬೇಕಾಗಿರಲಿಲ್ಲ.

ಅತ್ತೆ ಬಕೆಟ್ಟಿನ ನೀರಿಗೆ ಚಿಟಿಕೆ ಅರಿಶಿನ ಹಾಕಿ, ಕೈಮುಗಿದು, ನಿಧಾನವಾಗಿ ಬಗ್ಗಿಸಿದರು. ಮೀನು ಒಂದು ಕ್ಷಣ ಅಲ್ಲೇ ನಿಂತು ಒಳಗೆ ಹೋಯಿತು. ಅತ್ತೆಯ ಕಣ್ಣಲ್ಲಿ ನೀರು ಬಂತು. ನಾನು ಫೋಟೋ ತೆಗೆದೆ. "ಗಂಗಮ್ಮನ ಮಡಿಲಿಗೆ ನಮ್ಮನೆ ಮೀನು" ಎಂದು ಬರೆದು ಸ್ಟೇಟಸ್ಸಿಗೆ ಹಾಕಿದೆ. ಯಾರೋ ಅದನ್ನು ಊರಿನ ಗ್ರೂಪಿಗೂ ಹಾಕಿದರು. ಒಂದು ವಾರವೆಲ್ಲ ಅದಕ್ಕೆ ಕೈಮುಗಿಯುವ ಗುರುತುಗಳು ಬಿದ್ದವು. ಮುನಿಶಾಮಮ್ಮನ ಸೊಸೆ ಓದಿದ್ದರೂ ಸಂಪ್ರದಾಯ ಬಿಟ್ಟಿಲ್ಲ ಎಂದು ಊರು ಹೊಗಳಿತು. ನಾನು ಅದನ್ನೂ ಬೇಡ ಅನ್ನಲಿಲ್ಲ.

ಮೂರು ವರ್ಷ ಕಳೆಯಿತು. ಗಾಜಿನ ತೊಟ್ಟಿಯಲ್ಲಿ ಈರುಳ್ಳಿ ತುಂಬಿಸಿಟ್ಟಿದ್ದೆ.

ದೀಪಾವಳಿ ಕಳೆದ ಒಂದು ಭಾನುವಾರ ಆಂಜಿನಪ್ಪಣ್ಣ ಮನೆಗೆ ಬಂದರು. ನಮ್ಮೂರ ಕೆರೆಯಲ್ಲಿ ಮೀನು ಹಿಡಿಯುವ ಗುತ್ತಿಗೆ ಅವರದು. ಅವರ ಅಪ್ಪನ ಕಾಲದಿಂದಲೂ ಆ ಮನೆಯವರದೇ. ಅವರ ಮಗಳು ನನ್ನ ಕೈಯಲ್ಲಿ ಓದಿದವಳು. ಅವಳು ಹತ್ತನೇ ತರಗತಿ ಪಾಸಾದ ಮೇಲೆ, ಎರಡು ವರ್ಷದಿಂದೀಚೆಗೆ, ಹಬ್ಬಕ್ಕೊಂದು ಕಾಟ್ಲಾ ಮೀನು ತಂದುಕೊಟ್ಟು, ದುಡ್ಡು ಕೊಡಹೋದರೆ ಮುಖ ಸಿಂಡರಿಸುವ ಮನುಷ್ಯ. ಅವತ್ತು ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬವಿತ್ತು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದರು.

"ಟೀಚರಮ್ಮ, ಇದೇನು ಮೀನು ಒಸಿ ನೋಡ್ ಹೇಳಿ. ನೀವು ಓದ್ಕಂಡಿರೋರು."

ಡಬ್ಬದೊಳಗೆ ಒಂದು ಗೇಣಿನ ಸಕ್ಕರ್ ಗೋಡೆಗೆ ಬಾಯಿ ಅಂಟಿಸಿಕೊಂಡು ನಿಂತಿತ್ತು.

"ಬಲೆ ಎಳುದ್ರೆ ಇವೇ ಬರ್ತಾವೆ. ಮುಳ್ಳು ಸಿಕ್ಕಾಕ್ಕೊಂಡು ಬಲೆಯೆಲ್ಲ ಚಿಂದಿ. ಬಿಡಿಸೋಕೋದ್ರೆ ಕೈ ಕುಯ್ತದೆ. ಯಾರೂ ತಿನ್ನಲ್ಲ, ಯಾರೂ ತಗೊಳ್ಳಲ್ಲ. ನಾನು ಬಿಟ್ಟ ಮರಿ ಏನಾದ್ವೋ ಗೊತ್ತಿಲ್ಲ. ಇದು ಎಲ್ಲಿಂದ ಬಂತು, ಎಂಗೆ ಹೋಗ್ತದೆ, ಅದು ಗೊತ್ತಾದ್ರೆ ಸಾಕು ನಂಗೆ."

ಬಾಗಿನದ ದಿನ ಆಂಜಿನಪ್ಪಣ್ಣ ಏರಿಯ ಮೇಲಿರಲಿಲ್ಲ. ತಾವು ಬಿಟ್ಟ ಮೀನು ಹೊರಗೆ ಹೋಗದ ಹಾಗೆ ಕೋಡಿಗೆ ಬಲೆ ಕಟ್ಟುತ್ತಾ ಇನ್ನೊಂದು ತುದಿಯಲ್ಲಿದ್ದರು. ಅವರ ಬಳಿ ಫೋಟೋ ನೋಡುವ ಫೋನೂ ಇರಲಿಲ್ಲ. ಅವರು ಕೂತ ಕುರ್ಚಿಯ ಹಿಂದೆಯೇ ಆ ಗಾಜಿನ ತೊಟ್ಟಿ ಇತ್ತು. ಅತ್ತೆ ಗೌನಿಪಲ್ಲಿಯ ಮಗಳ ಮನೆಗೆ ಹೋಗಿದ್ದರು. ಸತ್ಯ ಹೇಳಿದರೆ ಏನಾಗುತ್ತದೆ ಎಂದು ನನ್ನ ತಲೆಯಲ್ಲಿ ಒಂದು ಕ್ಷಣದಲ್ಲಿ ಎಲ್ಲ ಓಡಿತು. ಅತ್ತೆಯ ಬಾಗಿನ, ಊರಿನ ಹೊಗಳಿಕೆ, ನನ್ನ ಸ್ಟೇಟಸ್ಸು.

"ಗೊತ್ತಿಲ್ಲ ಅಣ್ಣ. ಇಂಥದ್ದು ನೋಡೇ ಇಲ್ಲ."

ಅವರು ಡಬ್ಬದ ಮುಚ್ಚಳ ಹಾಕಿದರು. "ನಿಮಗೇ ಗೊತ್ತಿಲ್ಲ ಅಂದ್ಮೇಲೆ ಬಿಡಿ" ಅಂದರು. ನಾನು ಕೊಟ್ಟ ಕಾಫಿ ಕುಡಿದು, ಮಗಳ ನರ್ಸಿಂಗ್ ಓದಿನ ವಿಷಯ ಎರಡು ಮಾತಾಡಿ, ಬಸ್ಸಿಗೆ ಹೋದರು. ಅತ್ತೆಯ ಮರ್ಯಾದೆಗೋಸ್ಕರ ಹಾಗೆ ಹೇಳಿದೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ. ಅವರು ಬಂದಿದ್ದನ್ನು ಅತ್ತೆಗೆ ಹೇಳಲೂ ಇಲ್ಲ.

ಬೇಸಿಗೆಯಲ್ಲಿ ಕೆರೆಯ ನೀರು ಇಳಿಯಿತು. ಏರಿಯ ಒಳಮೈಯಲ್ಲಿ ತೂತುಗಳು ಕಂಡವು, ಒಂದರ ಪಕ್ಕ ಒಂದು, ತೋಳು ಮುಳುಗುವಷ್ಟು ಆಳ. ಮೊದಲು ಹೆಗ್ಗಣ ಅಂದರು, ಆಮೇಲೆ ಏಡಿ ಅಂದರು. ಕೈ ಹಾಕಿ ಎಳೆದರೆ ಬಂದದ್ದು ಈ ಮೀನು. ಮೊಟ್ಟೆ ಇಡಲು ಮಣ್ಣು ಕೊರೆದಿದ್ದವು. ಏರಿಯ ಹೊರಗೆ ಎರಡು ಕಡೆ ನೀರು ಜಿನುಗಲು ಶುರುವಾಯಿತು. ಆ ಏರಿಯ ಕೆಳಗೆ ಅರ್ಧ ಊರಿನ ಹೊಲವಿದೆ, ನಮ್ಮದೂ ಇದೆ.

ಕೆರೆ ಸಂಘದ ಅಧ್ಯಕ್ಷ ಚನ್ನರಾಯಪ್ಪನವರಿಗೆ ಕಾರಣ ತಕ್ಷಣ ಹೊಳೆಯಿತು. ಆಂಜಿನಪ್ಪ ಗಡಿಯಾಚೆಯಿಂದ ಕಡಿಮೆ ಬೆಲೆಗೆ ಕಲಬೆರಕೆ ಮರಿ ತಂದು ಸುರಿದಿದ್ದಾನೆ, ಅದರಲ್ಲಿ ಈ ಪೀಡೆಯೂ ಬಂದಿದೆ, ಅವನನ್ನು ಕೆರೆಯಿಂದ ಬಿಡಿಸಬೇಕು. ಊರಿಗೂ ಅದು ಸರಿ ಅನ್ನಿಸಿತು. ಜೂನಿನ ಒಂದು ಸಂಜೆ, ಹಾಲು ಹಾಕಿದ ಮೇಲೆ, ಡೇರಿಯ ಮುಂದೆ ಸಭೆ ಎಂದು ಗ್ರೂಪಿನಲ್ಲಿ ಬಂತು.

"ನಮ್ದೂ ಹೊಲ ಐತಲ್ಲ, ನಾನೂ ಬರ್ತೀನಿ" ಎಂದು ಅತ್ತೆ ಹೊರಟರು. ನಾನು ಜೊತೆಗೆ ಹೋದೆ. ಬಸ್ಸಿನಲ್ಲಿ ಹೋಗುವಾಗ ಸಭೆಯಲ್ಲಿ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಮೂರು ಸಲ ಜೋಡಿಸಿಕೊಂಡೆ. ಪ್ರತಿ ಸಲವೂ ಅದು ಪಾಠದ ಟಿಪ್ಪಣಿಯಂತೆ ಚೆನ್ನಾಗಿ ಬಂತು.

ಡೇರಿಯ ಕಟ್ಟೆಯ ಮೇಲೆ ಚನ್ನರಾಯಪ್ಪನವರು ಕೂತಿದ್ದರು. ಎದುರಿಗೆ ಆಂಜಿನಪ್ಪಣ್ಣ ನಿಂತಿದ್ದರು. ಅವರ ಕಾಲ ಬಳಿ ಒದ್ದೆ ಗೋಣಿ ಮುಚ್ಚಿದ ಬುಟ್ಟಿ.

"ಎಲ್ಲಿಂದ ತಂದೆಯೋ ಈ ಮರೀನ? ನಿಜ ಹೇಳು."

"ಗಂಗಮ್ಮನಾಣೆ ಯಜಮಾನ್ರೆ, ನಾನು ಬಿಟ್ಟಿದ್ದು ಕಾಟ್ಲಾ, ರೋಹು. ಇದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ. ನಮ್ಮಪ್ಪಾನೂ ನೋಡಿಲ್ಲ."

"ಮೀನೇನು ಆಕಾಶದಿಂದ ಬಿತ್ತೇನಯ್ಯ? ಕೆರೆಗೆ ಮೀನು ಬಿಡೋನು ನೀನೊಬ್ನೇ."

ಜನ ಗೊಳ್ಳೆಂದು ನಕ್ಕರು. ಆಂಜಿನಪ್ಪಣ್ಣ ತಲೆ ತಗ್ಗಿಸಿದರು. ಐವತ್ತು ದಾಟಿದ ಮನುಷ್ಯ, ನನ್ನ ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗರು ನಿಲ್ಲುವ ಹಾಗೆ ನಿಂತಿದ್ದರು. ಉತ್ತರ ಗೊತ್ತಿದ್ದವಳು ನಾನು. ಎದ್ದು ನಿಲ್ಲಬೇಕೆಂದು ಕಾಲಿಗೆ ಹೇಳಿದೆ. ಏಳಲಿಲ್ಲ.

ಅಷ್ಟರಲ್ಲಿ ಅತ್ತೆ ಎದ್ದು ಬುಟ್ಟಿಯ ಹತ್ತಿರ ಹೋಗಿ ಗೋಣಿ ಸರಿಸಿದರು. ಬೆಳಗ್ಗೆ ತೂತಿನಿಂದ ಎಳೆದ ದೊಡ್ಡ ಮೀನು, ಒಂದೂವರೆ ಅಡಿಯದು, ಇನ್ನೂ ಜೀವವಿತ್ತು; ಮೈ ಒದ್ದೆಯಿದ್ದರೆ ಈ ಜಾತಿ ನೀರಿಲ್ಲದೆಯೂ ಗಂಟೆಗಟ್ಟಲೆ ತಡೆಯುತ್ತದೆ. ಬೆನ್ನಿನ ರೆಕ್ಕೆ ಎಡಕ್ಕೆ ವಾಲಿತ್ತು.

"ಒರೇ ನಲ್ಲೋಡಾ" ಅಂದರು ಅತ್ತೆ.

ಅವರು ಕೆಳಗೆ ಕೂತು, ಬಲಗೈಯನ್ನು ಅದರ ಬೆನ್ನ ಮೇಲಿಟ್ಟರು. ಆಮೇಲೆ ತಲೆಯೆತ್ತಿ, ಹಾಲಿನ ಲೆಕ್ಕ ಹೇಳುವಷ್ಟು ಸಲೀಸಾಗಿ ಹೇಳಿದರು.

"ಇದು ನಮ್ಮನೆ ಮೀನು ಕಣಪ್ಪ. ಕೆರೆ ಕೋಡಿ ಹರಿದ ವರ್ಷ ಬಾಗಿನಕ್ಕೆ ನಾನೇ ಬಿಟ್ಟಿದ್ದು. ನೋಡಿ ಇಲ್ಲಿ, ಇದೇ ಸೀಳಿದ್ದು ನನ್ ಕೈ. ಆಂಜಿನಪ್ಪನ್ನ ಯಾಕೆ ಬಯ್ತೀರ? ಬಯ್ಯೋದಾದ್ರೆ ನನ್ನ ಬಯ್ಯಿ."

ಚನ್ನರಾಯಪ್ಪನವರು ಅಷ್ಟಕ್ಕೆ ಬಿಡುವವರಲ್ಲ. "ಮುನಿಶಾಮಕ್ಕ, ನೀನು ಬಿಟ್ಟಿದ್ದು ಒಂದು. ಒಂದೇ ಮೀನು ಇಷ್ಟು ಮರಿ ಹಾಕ್ತದಾ?"

ಅದು ಸರಿಯಾದ ಪ್ರಶ್ನೆ. ಉತ್ತರ ಬಂದದ್ದು ಹಾಲಿನ ಕ್ಯಾನು ಹಿಡಿದು ಹಿಂದೆ ನಿಂತಿದ್ದ ಅವರ ಹೆಂಡತಿ ಶ್ಯಾಮಲಮ್ಮನಿಂದ.

"ನಮ್ ಹುಡ್ಗಿ ಮೇಘನಾಳ ಮೀನಿನ ಡಬ್ಬದಲ್ಲಿ ಇಂಥವು ಎರಡಿದ್ವಲ್ಲ, ದೊಡ್ಡವಾಗೋದ್ವು ಅಂತ ನಾವೂ ಬಿಟ್ವಲ್ಲ. ಫೋಟೋ ನೋಡ್ಬಿಟ್ಟು ನೀವೇ ಅಲ್ವಾ ಅಂದಿದ್ದು, ನಾವೂ ಗಂಗಮ್ಮನಿಗೆ ಒಪ್ಪಿಸೋಣ ಅಂತ?"

ಆಮೇಲೆ ಇನ್ನೊಬ್ಬರು ಕೆಮ್ಮಿದರು. ಅವರ ಭಾವಮೈದುನ ಮುಳಬಾಗಿಲಿನಿಂದ ತಂದು ಮೂರು ಬಿಟ್ಟಿದ್ದನಂತೆ. ಮತ್ತೊಬ್ಬರದು ಒಂದು. ಹೇಳುತ್ತಾ ಹೇಳುತ್ತಾ ಒಂಬತ್ತು ಮೀನಾಯಿತು. ಎಲ್ಲರೂ ಆ ಫೋಟೋ ನೋಡಿದ ಮೇಲೆ ಬಿಟ್ಟವರೇ. ಚನ್ನರಾಯಪ್ಪನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಗುತ್ತಿಗೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಮಳೆ ಹಿಡಿದು ನೀರು ಮತ್ತೆ ಏರುವ ಮೊದಲು ಮನೆಗೊಬ್ಬರಂತೆ ಬಂದು ತೂತು ಅಗೆದು ಮೀನು ತೆಗೆಯಬೇಕು, ಏರಿಗೆ ಮಣ್ಣು ತುಂಬಬೇಕು ಎಂದು ತೀರ್ಮಾನವಾಯಿತು.

ಅತ್ತೆಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಆಂಜಿನಪ್ಪಣ್ಣನ ಕಡೆ ತಿರುಗಿ, "ಮೊದ್ಲೇ ಬಂದು ನಮ್ಮನ್ನ ಕೇಳ್ಬಾರ್ದಾಗಿತ್ತಾ ನಾಯ್ನಾ? ನಮ್ ಸೊಸೆ ನೋಡಿದ ತಕ್ಷಣ ಹೇಳ್ತಿದ್ಲು. ಫೋಟೋ ತೆಗೆದೋಳೇ ಅವಳು" ಅಂದರು.

ಆಂಜಿನಪ್ಪಣ್ಣ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

"ಬಂದಿದ್ದೆ ದೊಡ್ಡಮ್ಮ" ಅಂದರು. ಆಮೇಲೆ ನನಗೆ, ಮೆಲ್ಲಗೆ: "ನಿಮ್ಮನೇಲಿ ಕಾಫಿ ಕುಡಿದು ಬಂದ್ಮೇಲೆ ನಾನು ಇನ್ಯಾರ್ನೂ ಕೇಳ್ಲೇ ಇಲ್ಲ ಟೀಚರಮ್ಮ. ಟೀಚರಿಗೇ ಗೊತ್ತಿಲ್ಲ ಅಂದ್ರೆ ಯಾರಿಗೂ ಗೊತ್ತಿರಲ್ಲ ಅಂದ್ಕೊಂಡೆ."

ನನಗೆ ನಾಚಿಕೆಯಾಯಿತು. ಎಷ್ಟೆಂದರೆ, ತಪ್ಪಾಯಿತು ಅನ್ನುವ ಮಾತೂ ಹೊರಗೆ ಬರಲಿಲ್ಲ. ಅವರು ಬುಟ್ಟಿಯನ್ನು ಅತ್ತೆಯ ಮುಂದೆ ಇಟ್ಟು, "ಇದನ್ನ ಮಾತ್ರ ನೀವೇ ತಗೊಂಡೋಗಿ ದೊಡ್ಡಮ್ಮ, ನನ್ ಕೈಲಿ ಕೊಲ್ಲೋಕಾಗಲ್ಲ" ಎಂದು ಹೇಳಿ ಕೆರೆಯ ಕಡೆ ನಡೆದರು.

ಮುಳಬಾಗಿಲು ಬರುವ ತನಕ ಬಸ್ಸಿನಲ್ಲಿ ಅತ್ತೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಗೋಣಿಗೆ ಆಗಾಗ ಬಾಟಲಿಯ ನೀರು ಚಿಮುಕಿಸುತ್ತಾ ಕೂತಿದ್ದರು. ಮನೆಗೆ ಬಂದವರೇ ತೊಟ್ಟಿಯ ಈರುಳ್ಳಿಯನ್ನೆಲ್ಲ ನೆಲಕ್ಕೆ ಸುರಿದರು.

"ತೊಳಿ ಇದನ್ನ" ಅಂದರು. ನಾನು ತೊಳೆದೆ. ನೀರು ತುಂಬಿಸಿದ ಮೇಲೆ ಮೀನನ್ನು ಒಳಗೆ ಬಿಟ್ಟರು. ತಿರುಗಲು ಅದಕ್ಕೆ ಕಷ್ಟವಾಗುವಷ್ಟು ಜಾಗ ಕಮ್ಮಿ ಇತ್ತು. ದೊಡ್ಡ ತೊಟ್ಟಿ ತರೋಣ ಎಂದು ಕದಿರೇಶ್ ಹೇಳಿದ್ದಕ್ಕೆ ಅತ್ತೆ ಹೂಂ ಎಂದು ತಲೆಯಾಡಿಸಿದರು. ಆಮೇಲೆ ನನಗೆ ಹೇಳಿದರು.

"ಮನೆಗೆ ಬಂದೋರು ಇದೇನು ಮೀನು ಅಂತ ಕೇಳೇ ಕೇಳ್ತಾರೆ. ನಾನು ಹೇಳಲ್ಲ. ನೀನೇ ಹೇಳು. ಪೂರ್ತಿ ಹೇಳು."

ಹೇಳುತ್ತಿದ್ದೇನೆ. ಗ್ಯಾಸಿನವನು ಕೇಳಿದ, ಹೇಳಿದೆ. ಮಾಲೂರಿನಿಂದ ಶೋಭಾರಾಣಿ ಮೇಡಂ ಬಂದಿದ್ದಾಗ ಕೇಳಿದರು, ಅವರಿಗೂ ಹೇಳಿದೆ, ಆಂಜಿನಪ್ಪಣ್ಣ ಕೂತು ಕಾಫಿ ಕುಡಿದ ಕುರ್ಚಿಯ ವಿಷಯದ ಸಮೇತ. ಈಗ ಭಾನುವಾರ ಮತ್ತೆ ಪೈಪು ಹಿಡಿಯುತ್ತೇನೆ. ಸೌತೆಕಾಯಿ ಹೋಳನ್ನು ಚಮಚಕ್ಕೆ ನಾನೇ ಕಟ್ಟುತ್ತೇನೆ. ಬಾಗಿಲ ಹತ್ತಿರ ಚಪ್ಪಲಿ ಬಿಡುವ ಸದ್ದಾದರೆ ಕೈ ಒರೆಸಿಕೊಂಡು ಎದ್ದು ನೋಡುತ್ತೇನೆ. ಎರಡು ಹಬ್ಬ ಕಳೆದವು. ಆಂಜಿನಪ್ಪಣ್ಣ ಇನ್ನೂ ಬಂದಿಲ್ಲ.